ಒಣ ಪಾಳಿ

ಆ ತಿಂಗಳಲ್ಲಿ ಹುಲಿಗೆಮ್ಮನ ಒತ್ತಡದ ಗೆರೆ ಎರಡನೇ ಸಲ ಕೆಂಪಿಗೆ ಏರಿದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಕುಮುದಗಿರಿ ಉಕ್ಕಿನ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಡಾಕ್ಟರ್ ರೋಹಿಣಿ ಅದನ್ನು ಪರದೆಯ ಮೇಲೆ ನೋಡಿದಳು. ಮೂರು ನಿಮಿಷ ಕಳೆದು ಇನ್ನೊಂದು ಚುಕ್ಕೆ ಮೂಡಿತು. ಅದೂ ಕೆಂಪು. ಗಾಜಿನಾಚೆ, ನೆಲದಿಂದ ಇಪ್ಪತ್ತೆಂಟು ಮೀಟರ್ ಮೇಲೆ ಓಡುತ್ತಿದ್ದ ಮೂರನೇ ನಂಬರಿನ ಕ್ರೇನು ಗಕ್ಕನೆ ನಿಂತಿತು. ಅದರ ಕೊಕ್ಕೆಯಲ್ಲಿ ಖಾಲಿ ಲ್ಯಾಡಲ್ ತೂಗುತ್ತಿತ್ತು. ಕರಗಿದ ಉಕ್ಕನ್ನು ಕುಲುಮೆಯಿಂದ ಎರಕದ ಯಂತ್ರಕ್ಕೆ ಒಯ್ಯುವ ಆ ಪಾತ್ರೆ ಒಂದು ಸಣ್ಣ ಮನೆಯಷ್ಟು ದೊಡ್ಡದು.

"ಹಸ್ತಾಂತರ ಆತ್ರಿ," ಎಂದ ಪಕ್ಕದ ಮೇಜಿನ ಯಂಕೋಬ. "ತೊಂಬತ್ತು ಸೆಕೆಂಡು."

ಆ ತೊಂಬತ್ತು ಸೆಕೆಂಡು ಕ್ರೇನು ಅಲ್ಲಾಡಲಿಲ್ಲ. ಕಂಪ್ಯೂಟರು ಭಾರ ಎಲ್ಲಿದೆ, ಎಷ್ಟಿದೆ, ಎಷ್ಟು ತೂಗುತ್ತಿದೆ ಎಂದು ಲೆಕ್ಕ ಹಾಕಿಕೊಂಡಿತು. ಆಮೇಲೆ ಕ್ರೇನು ತನ್ನಷ್ಟಕ್ಕೆ ತಾನೇ ಚಲಿಸಿತು. ಕ್ಯಾಬಿನ್ನಿನಲ್ಲಿ ಹುಲಿಗೆಮ್ಮ, ಬೇರೆಯವರ ಮನೆಗೆ ಬಂದವಳ ಹಾಗೆ, ಕೈ ಮಡಿಚಿಕೊಂಡು ಕೂತಿದ್ದು ಕ್ಯಾಮೆರಾದಲ್ಲಿ ಕಾಣುತ್ತಿತ್ತು.

"ಇನ್ನೊಂದು ಆತಂದ್ರ ಈಕಿನೂ ಪ್ಯಾಕಿಂಗಿಗೆ," ಎಂದರು ಬಾಗಿಲಲ್ಲಿ ನಿಂತಿದ್ದ ಕುಷ್ಟಗಿ. ಈ ವಿಭಾಗದ ಮುಖ್ಯಸ್ಥರು ಅವರು. "ನಾನೇ ಹಟ ಹಿಡಿದು ತಂದ ಹುಡುಗ್ಯಾರು ರೀ ಇವ್ರು. ಮ್ಯಾಲಿನವ್ರ ಕೂಡ ಜಗಳಾಡಿ ತಂದೆ. ಈಗ ಅವ್ರು ನಿಮ್ಮ ಗೆರಿ ತೋರಿಸಿ ನಗ್ತಾರ. ಹೆಣ್ಮಕ್ಕಳ ಎದಿ ಮೆತ್ತಗಂತ."

ಅಪಾಯದ ಯಂತ್ರ ಮುಟ್ಟುವವರ ಒತ್ತಡವನ್ನು ಅಳೆಯಲೇಬೇಕೆಂಬ ಕಾನೂನು ಬಂದು ಎರಡು ವರ್ಷವಾಗಿತ್ತು. ಕಿವಿಯ ಹಿಂದೆ ಉಗುರಿನಷ್ಟಗಲದ ಪಟ್ಟಿ. ಅದು ಬೆವರಿನಲ್ಲಿರುವ ಕಾರ್ಟಿಸಾಲನ್ನು ಮೂರು ನಿಮಿಷಕ್ಕೊಮ್ಮೆ ಓದುತ್ತದೆ. ಗಾಬರಿಯಾದಾಗ, ಗಂಡಾಂತರ ಎದುರಾದಾಗ ದೇಹ ರಕ್ತಕ್ಕೆ ಸುರಿಯುವ ರಸ ಅದು. ನೂರಕ್ಕೆ ಎಂಬತ್ತು ದಾಟಿದರೆ ಕೆಂಪು. ಸಾಲಾಗಿ ಎರಡು ಕೆಂಪು ಬಂದರೆ ಯಂತ್ರ ಮನುಷ್ಯನ ಕೈಯಿಂದ ತನ್ನನ್ನು ತಾನೇ ಕಸಿದುಕೊಳ್ಳುತ್ತದೆ. ತಿಂಗಳಿಗೆ ಮೂರು ಸಲ ಹಾಗಾದರೆ ಆ ಕೆಲಸಕ್ಕೆ ಮತ್ತೆ ಹತ್ತುವಂತಿಲ್ಲ. ಕಾರ್ಮಿಕರು ಆ ಪಟ್ಟಿಗೆ 'ಚಾಡಿ' ಎಂದು ಹೆಸರಿಟ್ಟಿದ್ದರು.

ಪಟ್ಟಿಯನ್ನು ಈ ಕಾರ್ಖಾನೆಗೆ ಹೊಂದಿಸಿದವಳು ರೋಹಿಣಿಯೇ. ಶಾಖ, ವಯಸ್ಸು, ಪಾಳಿ, ಮುಟ್ಟಿನ ದಿನಗಳು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ಆದರೂ ಕ್ರೇನು ಹತ್ತಿದ ಒಂಬತ್ತು ಹೆಣ್ಣುಮಕ್ಕಳಲ್ಲಿ ಆರು ಮಂದಿ ಇಳಿದಿದ್ದರು. ನಲವತ್ತೊಂದು ಗಂಡಸರಲ್ಲಿ ಇಳಿದವರು ಇಬ್ಬರು.

ಪರದೆಯ ತುದಿಯಲ್ಲಿ ಆಕೆಯದೇ ಒಂದು ಗೆರೆ ಓಡುತ್ತಿತ್ತು. ಹೋಲಿಕೆಗೆಂದು ತಾನೂ ಪಟ್ಟಿ ಹಚ್ಚಿಕೊಂಡಿದ್ದಳು. ದಿನವೂ ಬೆಳಿಗ್ಗೆ ಇಪ್ಪತ್ತೆರಡು, ಮಧ್ಯಾಹ್ನ ಇಪ್ಪತ್ತೆರಡು, ಸಂಜೆ ಇಪ್ಪತ್ತೊಂದು.

"ನಿಮ್ಮಂಥವ್ರು ನೂರು ಮಂದಿ ಸಿಕ್ರ ಕಾರ್ಖಾನಿ ಉದ್ಧಾರ ಆಕ್ಕೈತಿ ನೋಡ್ರಿ," ಎಂದರು ಕುಷ್ಟಗಿ.

ರೋಹಿಣಿ ತನ್ನ ಗೆರೆಯ ಕಡೆ ನೋಡಿದಳು. ಹದಿನಾಲ್ಕು ತಿಂಗಳ ಹಿಂದೆ ಗಂಡ ತೀರಿಕೊಂಡ ಮೇಲೆ ಆ ಗೆರೆ ಹಾಗೆಯೇ ಮಲಗಿತ್ತು. ಅದು ಧೈರ್ಯದ ಗೆರೆಯಲ್ಲ ಎಂಬುದು ಆಕೆಗೆ ಗೊತ್ತಿತ್ತು. ಹೇಳಿ ಪ್ರಯೋಜನವಿರಲಿಲ್ಲ.

*

ಎರಡು ಸಲ ಕೆಂಪಾದವರ ಮನೆಗೆ ಹೋಗಿ, ಬಿಡುವಿನ ಹೊತ್ತಿನ ಓದು ತೆಗೆದುಕೊಳ್ಳಬೇಕೆಂಬುದು ನಿಯಮ. ಅದೇ ದಿನ ಮೂರು ಗಂಟೆಗೆ ರೋಹಿಣಿ ಕಾರ್ಖಾನೆಯ ಹಿಂದಿನ ಬಡಾವಣೆಯಲ್ಲಿ ಹುಲಿಗೆಮ್ಮನ ಮನೆ ಹುಡುಕಿಕೊಂಡು ಹೋದಳು. ಆಗಷ್ಟೇ ಪಾಳಿ ಮುಗಿಸಿ ಬಂದ ಹುಲಿಗೆಮ್ಮ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀರು ಕುಡಿಯುತ್ತಿದ್ದಳು. ಒಂದು ದೊಡ್ಡ ಚೊಂಬು. ಗಂಟಲು ಏರಿಳಿಯುವುದಷ್ಟೇ ಕಾಣುತ್ತಿತ್ತು. ಚೊಂಬು ಬರಿದಾಯಿತು. ಅತ್ತೆ ಗಾಳೆಮ್ಮ ಕೊಡದಿಂದ ಇನ್ನೊಂದು ಮೊಗೆದು ಕೊಟ್ಟಳು. ಅದೂ ಬರಿದಾಯಿತು.

"ಕುಂದ್ರಿ ಡಾಕ್ಟರಮ್ಮ," ಎಂದಳು ಗಾಳೆಮ್ಮ, ಮೂರನೆಯದನ್ನು ಮೊಗೆಯುತ್ತ. "ನಮ್ಮ ಸೊಸಿ ಮರಳುಗಾಡಿನ ಒಂಟಿ ಇದ್ದಂಗ. ಈಗ ತುಂಬಿಕೊಂಡ್ಲಂದ್ರ ನಾಳಿ ಈ ಹೊತ್ತಿನ ಮಟ ನಡೀತೈತಿ."

"ಸುಮ್ಕಿರತ್ತಿ. ಬಂದವ್ರ ಮುಂದ ಮರ್ಯಾದಿ ತೆಗೀತಿ."

"ಮರ್ಯಾದಿ ಏನೈತೆವ್ವ ಇದ್ರಾಗ. ಒಂಟಿ ಅಂದ್ರ ಕತ್ತಿ ಅಂದಂಗ ಆತೇನು?"

ಹುಲಿಗೆಮ್ಮ ನಕ್ಕು ಬಾಯಿ ಒರಸಿಕೊಂಡಳು. ಇಪ್ಪತ್ತಾರರ ಗಟ್ಟಿ ಹೆಣ್ಣು. ತುಟಿಯ ಮೇಲೆ ಬಿಳಿಯ ಪೊರೆ ಕಟ್ಟಿತ್ತು. ರೋಹಿಣಿಯ ಕೈಯಲ್ಲಿ ಓದುವ ಯಂತ್ರ ಹಾಗೆಯೇ ಉಳಿಯಿತು.

"ಕ್ಯಾಬಿನ್ನಿನೊಳಗ ನೀರು ಇರ್ತೈತೆಲ್ಲ?"

"ಇರ್ತೈತ್ರಿ. ಎರಡೂವರಿ ಲೀಟರ್ ಬಾಟ್ಲಿ. ಕುಡೀಲಿಲ್ಲಂದ್ರ ಸೇಫ್ಟಿಯವ್ರು ಬೈತಾರ. ಬಾಟ್ಲಿ ಇಡೋ ಜಾಗದಾಗ ತಕ್ಕಡಿ ಕುಂಡ್ರಿಸ್ಯಾರ್ರಿ."

"ಆ ತೂಕ ನನಗೂ ಬರ್ತೈತಿ. ದಿನಾ ಖಾಲಿ ಆಗೈತಿ ಅಂತ ತೋರಸ್ತೈತಿ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿಗೆಮ್ಮ ತಲೆ ತಗ್ಗಿಸಿದಳು, ನಗುವಿಗೆ ಭುಜ ಕುಲುಕುತ್ತಿತ್ತು.

"ನಮ್ಮ ಕ್ರೇನಿನ ಗಾಜು ನೋಡೀರೇನ್ರಿ ನೀವು? ಕನ್ನಡಿ ಇದ್ದಂಗ ಐತಿ. ಎಲ್ಲಾ ಆ ನೀರಿಂದ ಒರಸಿದ್ದು. ಉಳಿದದ್ರಾಗ ಟವೆಲ್ ತೊಯಿಸಿ ಕುತ್ತಿಗಿಗಿ ಹಾಕ್ಕೊಂತೀವಿ. ಕುಡಿಯೂದಂತೂ ಇಲ್ಲ ಬಿಡ್ರಿ. ಕುಡದ್ರ ಕಷ್ಟ."

ಕಷ್ಟವೇನೆಂದು ಗಾಳೆಮ್ಮ ಬಿಡಿಸಿ ಹೇಳಿದಳು. ಕ್ಯಾಬಿನ್ನಿನಿಂದ ಇಳಿಯಲು ನೂರಾ ಹನ್ನೆರಡು ಮೆಟ್ಟಿಲು. ಹೆಂಗಸರ ಪಾಯಖಾನೆ ಇರುವುದು ಕ್ಯಾಂಟೀನಿನ ಹಿಂದೆ, ಅಲ್ಲಿಂದ ಮುಕ್ಕಾಲು ಕಿಲೋಮೀಟರು. ಹೋಗಬೇಕೆಂದರೆ ಫೋರ್‌ಮನ್ನನಿಗೆ ಹೇಳಿ ಬದಲಿ ಆಪರೇಟರನ್ನು ಕರೆಸಬೇಕು. ಶಿವಲೀಲಾ ಎಂಬ ಹುಡುಗಿ ಒಮ್ಮೆ ಕರೆಸಿದ್ದಳು. ಮುಂದೆ ಎರಡು ತಿಂಗಳು, ಆಕೆ ಕಂಡಲ್ಲೆಲ್ಲ, "ಅರ್ಜೆಂಟ್ ಐತೇನ್ ತಂಗಿ?" ಎಂದು ಕೇಳುತ್ತಿದ್ದರಂತೆ. ಆಮೇಲೆ ಯಾರೂ ಕರೆಸಲಿಲ್ಲ.

"ಗಂಡಸ್ರು?" ಎಂದಳು ರೋಹಿಣಿ.

"ಅವ್ರಿಗೇನ್ರಿ, ಖಾಲಿ ಬಾಟ್ಲಿ ಒಯ್ತಾರ," ಎಂದು ಗಾಳೆಮ್ಮ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೀಗಾಗಿ ಮೊದಲ ಪಾಳಿಯ ಹೆಣ್ಣುಮಕ್ಕಳು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆಳಗಿನ ನಾಲ್ಕಕ್ಕೆ ಎದ್ದ ಮೇಲೆ ಚಹಾ ಇಲ್ಲ, ಮಜ್ಜಿಗೆ ಇಲ್ಲ, ಸಾರು ಇಲ್ಲ. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೇಲೆ ಎಣ್ಣೆ. ನಾಲಿಗೆ ಅಂಟಿಕೊಂಡರೆ ದವಡೆಯಲ್ಲಿ ಒಂದು ನೆಲ್ಲಿ ಅಡಿಕೆ, ಒಣಗಿಸಿದ ನೆಲ್ಲಿಕಾಯಿಯ ಚೂರು. ಮಧ್ಯಾಹ್ನ ಎರಡರವರೆಗೆ ಅಷ್ಟೇ. ಹೊಸದಾಗಿ ಬಂದವರಿಗೆ ಹಳಬರು ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಕ್ರೇನಿನ ಸನ್ನೆ ಆಮೇಲೆ. ಅದಕ್ಕೆ ಅವರಿಟ್ಟ ಹೆಸರು ಒಣ ಪಾಳಿ.

"ನನಗ್ಯಾಕ ಹೇಳಲಿಲ್ಲ ನೀವು?"

"ನೀವು ಕೇಳಲಿಲ್ಲಲ್ರಿ ಮೇಡಂ," ಎಂದಳು ಹುಲಿಗೆಮ್ಮ. ಮಾತಿನಲ್ಲಿ ಸಿಟ್ಟಿರಲಿಲ್ಲ. "ಉಂಡ್ರೇನು, ಮಕ್ಕೊಂಡ್ರೇನು, ಮನ್ಯಾಗ ಜಗಳ ಐತೇನು, ಎಲ್ಲಾ ಕೇಳಿದ್ರಿ. ನೀರು ಎಲ್ಲಿ ಬಿಡ್ತೀರಂತ ಕೇಳಲಿಲ್ಲ." ಚೊಂಬನ್ನು ಕೊಡದ ಪಕ್ಕಕ್ಕಿಟ್ಟು ಮತ್ತೆ ಹೇಳಿದಳು. "ಮೇಡಂ, ಪ್ಯಾಕಿಂಗಿಗೆ ಹಾಕಬ್ಯಾಡ್ರಿ ನನ್ನ. ಪಗಾರದ ಮಾತಲ್ಲ. ಮ್ಯಾಲೆ ಕುಂತಾಗ ನೂರಾ ಎಂಬತ್ತು ಟನ್ನು ನನ್ನ ಬೆರಳು ಹೇಳಿದಂಗ ಕೇಳ್ತೈತ್ರಿ. ಕೆಳಗಿಳದು ಡಬ್ಬಿಗೆ ಪಟ್ಟಿ ಬಿಗಿಯೂದು ನನಗಾಗಂಗಿಲ್ಲ."

*

ದೇಹಕ್ಕೆ ನೀರು ಕಡಿಮೆಯಾದಾಗ ಮೆದುಳು ಮೂತ್ರಪಿಂಡಕ್ಕೆ ಒಂದು ಓಲೆ ಕಳಿಸುತ್ತದೆ: ಇದ್ದದ್ದನ್ನು ಬಿಟ್ಟುಕೊಡಬೇಡ. ಆ ಓಲೆಯ ಹೆಸರು ವ್ಯಾಸೋಪ್ರೆಸಿನ್. ಅದು ಹೋಗುವ ದಾರಿಯಲ್ಲಿ ಒತ್ತಡದ ಗ್ರಂಥಿಯ ಬಾಗಿಲನ್ನೂ ತಟ್ಟುತ್ತದೆ. ಹೀಗೆ ಮೊದಲೇ ಎಚ್ಚರವಾಗಿ ಕೂತ ಗ್ರಂಥಿ, ಒಂದು ಸಣ್ಣ ಕಾರಣ ಸಿಕ್ಕರೂ ಬೇಕಾದ್ದಕ್ಕಿಂತ ಹೆಚ್ಚು ಕಾರ್ಟಿಸಾಲ್ ಸುರಿಯುತ್ತದೆ. ಮನುಷ್ಯ ಹೆದರಿರಬೇಕೆಂದೇನಿಲ್ಲ. ಬಾಯಾರಿದ್ದರೆ ಸಾಕು.

ಇದನ್ನು ರೋಹಿಣಿ ವಿಶ್ವವಿದ್ಯಾಲಯದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಆದರೆ ಬಾಟಲಿಯ ತೂಕ ನೋಡಿ ನೀರಿನ ಮಾತನ್ನು ಬದಿಗಿಟ್ಟಿದ್ದಳು. ಆ ಹೆಂಗಸರ ಬೆವರಿನಲ್ಲಿ ಉಪ್ಪು ಹೆಚ್ಚಿತ್ತು. ಕುಲುಮೆಯ ಶಾಖಕ್ಕೆ ಹಾಗಾಗಿದೆ ಎಂದುಕೊಂಡು, ಉಪ್ಪಿನಿಂದ ಓದು ಕೆಡದಿರಲೆಂದು ಅದನ್ನು ಲೆಕ್ಕದಿಂದ ಕಳೆದುಬಿಟ್ಟಿದ್ದಳು. ದೇಹ ಮೂರು ನಿಮಿಷಕ್ಕೊಮ್ಮೆ ಹೇಳುತ್ತಿದ್ದ ಒಂದೇ ಮಾತನ್ನು ಮೂರು ನಿಮಿಷಕ್ಕೊಮ್ಮೆ ಅಳಿಸಿದ್ದಳು.

ಬುಧವಾರ ಆಕೆಯೂ ನಾಲ್ಕಕ್ಕೆ ಎದ್ದಳು. ಚಹಾ ಮಾಡಲಿಲ್ಲ. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಿಂತು ಒಣರೊಟ್ಟಿ ತಿಂದಳು. ಹತ್ತು ಗಂಟೆಗೆ ತಲೆ ಹಿಡಿದಂತಾಯಿತು. ಹನ್ನೆರಡಕ್ಕೆ ತನ್ನ ಉಗುಳು ಎಷ್ಟಿದೆ ಎಂದು ನಾಲಿಗೆಯಿಂದ ಹುಡುಕತೊಡಗಿದಳು. ಮೆಡಿಕಲ್ ಸೆಂಟರಿನ ನಲ್ಲಿ ತೊಟ್ಟಿಕ್ಕುವ ಸದ್ದು ಅಷ್ಟು ದಿನ ಕೇಳಿಸಿರಲಿಲ್ಲ. ಈಗ ಬೇರೇನೂ ಕೇಳಿಸುತ್ತಿರಲಿಲ್ಲ. ಗುರುವಾರವೂ ಹಾಗೆ. ಶುಕ್ರವಾರ ಒಂದು ಗಂಟೆಗೆ ಯಂಕೋಬನನ್ನೂ ನರ್ಸನ್ನೂ ಎದುರು ಕೂರಿಸಿಕೊಂಡು, ಆಪರೇಟರುಗಳಿಗೆ ತಾನು ಕೊಡುತ್ತಿದ್ದ ಪರೀಕ್ಷೆಯನ್ನು ತಾನೇ ತೆಗೆದುಕೊಂಡಳು. ಎರಡು ಸಾವಿರದ ನಲವತ್ಮೂರರಿಂದ ಹದಿನೇಳು ಹದಿನೇಳು ಕಳೆಯುತ್ತ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ಮೊದಲಿಂದ. ಎದುರಿದ್ದವರು ಮುಖ ಗಂಟಿಕ್ಕಿಕೊಂಡೇ ಇರಬೇಕು.

"ಎರಡು ಸಾವಿರದ ಇಪ್ಪತ್ತಾರು. ಎರಡು ಸಾವಿರದ ಒಂಬತ್ತು. ಸಾವಿರದ ಒಂಬೈನೂರ ತೊಂಬತ್ತ... ಮೂರು."

"ತಪ್ಪಾತ್ರಿ ಮೇಡಂ. ಮದಲಿಂದ." ಯಂಕೋಬನಿಗೆ ಖುಷಿ ತಡೆಯಲಾಗುತ್ತಿರಲಿಲ್ಲ. "ಮುಖ ಹಿಂಗ ಗಂಟ ಹಾಕಿದ್ರ ಸಾಕೇನ್ರಿ, ಇನ್ನೂ ಜೋರ ಮಾಡ್ಲ್ಯಾ?"

ಕಳೆದ ವರ್ಷ, ಹೊಟ್ಟೆತುಂಬ ನೀರು ಕುಡಿದು, ಇದೇ ಪರೀಕ್ಷೆ ಮಾಡಿದಾಗ ಆಕೆಯ ಗೆರೆ ಮೂವತ್ತೊಂದಕ್ಕೆ ಹೋಗಿ ಮರಳಿತ್ತು. ಇವತ್ತು ಐವತ್ತೇಳಕ್ಕೆ ಏರಿತು. ಅವಳಿಗೆ ಹೆದರಿಕೆಯಾಗಿರಲಿಲ್ಲ, ನಾಚಿಕೆಯೂ ಆಗಿರಲಿಲ್ಲ. ಎದೆಬಡಿತವೂ ಎಂದಿನಂತೆಯೇ ಇತ್ತು. ಸಾವಿಗೂ ಏಳದೆ ಮಲಗಿದ್ದ ಗೆರೆ ಒಂದು ಚೊಂಬು ನೀರಿಗಾಗಿ ಎದ್ದು ಕೂತಿತ್ತು. ರೋಹಿಣಿ ಅದನ್ನು ಬಹಳ ಹೊತ್ತು ನೋಡಿದಳು. ನರ್ಸು ಕೊಟ್ಟ ನೀರನ್ನು ಕುಡಿದಳು.

ಸಂಜೆ ಕೂತು ಒಂಬತ್ತು ಹೆಣ್ಣುಮಕ್ಕಳ ಒಂದು ವರ್ಷದ ಗೆರೆಗಳನ್ನು, ಉಪ್ಪನ್ನು ಕಳೆಯದೆ, ಮತ್ತೆ ಬಿಡಿಸಿದಳು. ಉಪ್ಪು ಏರಿದಲ್ಲೆಲ್ಲ ಗೆರೆ ಏರಿತ್ತು. ಬಿಡುವಿನ ಹೊತ್ತಿನ ಓದುಗಳಲ್ಲಿ ಅವರಿಗೂ ಗಂಡಸರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

*

ಶನಿವಾರ ಹತ್ತೂವರೆಗೆ ಆಕೆ ಹಾಳೆಗಳನ್ನು ಹಿಡಿದು ಕಂಟ್ರೋಲ್ ರೂಮಿಗೆ ಬಂದಳು. ಹುಲಿಗೆಮ್ಮ ಮೊದಲ ಪಾಳಿಯಲ್ಲಿದ್ದಳು. ಆಕೆಯ ಗೆರೆ ಆಗಲೇ ಎಪ್ಪತ್ತೊಂದರಲ್ಲಿತ್ತು.

ಕುಷ್ಟಗಿ ನಿಂತುಕೊಂಡೇ ಮೊದಲ ಪುಟ ಓದಿದರು. "ನೀರು ಕುಡೀರಂತ ನಾವು ಹೇಳೇ ಹೇಳ್ತೀವೆಲ್ರಿ. ಬೋರ್ಡ್ ಹಾಕೇವಿ."

"ಕುಡಿದವ್ರಿಗೆ ಹೋಗಾಕ ಜಾಗ ಬೇಕು ಸರ್. ಹೋಗಾಕ ಹೊತ್ತು ಬೇಕು."

"ಮ್ಯಾಲೆ ಕಟ್ಟಾಕ ಬರಂಗಿಲ್ಲ. ಕರಗಿದ ಉಕ್ಕಿನ ಮ್ಯಾಲೆ ನೀರಿನ ಪೈಪು ಹಾಯಿಸಿದ್ರ ಒಂದ ಹನಿ ಸೋರಿದ್ರೂ ಬಾಂಬ್ ಇದ್ದಂಗ. ಅದು ನಿಮಗೂ ಗೊತ್ತೈತಿ."

"ಮ್ಯಾಲೆ ಬ್ಯಾಡ. ಪಾಳಿಗೆ ಎರಡು ಸಲ ಅರ್ಧ ತಾಸು ಬದಲಿ ಕೊಡ್ರಿ. ಕೆಳಗ, ಹತ್ತಿರ, ಒಂದು ಪಾಯಖಾನಿ ಕೋಲಿ."

"ಬದಲಿ ಸಿಗದ ಅರ್ಧ ತಾಸು ಕ್ರೇನ್ ನಿಂತ್ರ ಎರಕ ಕಡೀತೈತಿ." ಅವರು ಹಾಳೆಗಳನ್ನು ಮಡಿಚಿದರು. "ಸೋಮವಾರ ಕಮಿಟಿ ಮುಂದ ಇಡೂನು."

"ಇವತ್ತ ಮೂರನೇದು ಆದ್ರ ಆಕಿ ಸೋಮವಾರ ಇರಂಗಿಲ್ಲ ಸರ್."

"ಮೇಡಂ," ಎಂದ ಯಂಕೋಬ.

ಹತ್ತು ಐವತ್ತೆರಡು. ಹುಲಿಗೆಮ್ಮನ ಗೆರೆ ಎಂಬತ್ಮೂರು. ಮೊದಲ ಕೆಂಪು. ಮೂರನೇ ಕ್ರೇನಿನ ಕೊಕ್ಕೆಯಲ್ಲಿ ತುಂಬಿದ ಲ್ಯಾಡಲ್ ಇತ್ತು; ನೂರಾ ಎಂಬತ್ತು ಟನ್ ದ್ರವ ಉಕ್ಕು.

ಇದಾಗಿ ಒಂದು ನಿಮಿಷಕ್ಕೆ ಶಾಖದ ಕ್ಯಾಮೆರಾ ಕಿರುಚಿತು. ಯಂಕೋಬ ಕುರ್ಚಿಯಿಂದ ಎದ್ದುಬಿಟ್ಟ. ಲ್ಯಾಡಲ್ಲಿನ ಹೊರಮೈ ಮೇಲೆ, ಹೊಟ್ಟೆಯ ಭಾಗದಲ್ಲಿ, ಅಂಗೈಯಷ್ಟಗಲ ಕೆಂಪು ಕಲೆ ಮೂಡಿತ್ತು. ಒಳಗಿನ ಬೆಂಕಿ ಇಟ್ಟಿಗೆ ಸವೆದು, ಉಕ್ಕು ಕವಚವನ್ನು ತಿನ್ನತೊಡಗಿದರೆ ಮಾತ್ರ ಹಾಗಾಗುತ್ತದೆ. ಕವಚ ತೂತಾಗಲು ಬೇಕಾದದ್ದು ಕೆಲವೇ ನಿಮಿಷ.

ಸೈರನ್ನು ಕೂಗಿತು. ಕೆಳಗೆ ಜನ ಓಡತೊಡಗಿದರು. ಹುಲಿಗೆಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಕ್ರೇನು ಆಗಲೇ ಪೂರ್ವದ ಕಡೆ ತಿರುಗಿತ್ತು. ಅಲ್ಲಿ ಇಂಥ ಹೊತ್ತಿಗೆಂದೇ ತೋಡಿದ ಒಣ ಮರಳಿನ ಗುಂಡಿಯಿತ್ತು. ಆದರೆ ಗುಂಡಿಗೂ ಕ್ರೇನಿಗೂ ನಡುವೆ, ಅಗಲಕ್ಕೂ, ಎರಕದ ಯಂತ್ರವನ್ನು ತಣ್ಣಗಿಡುವ ನೀರಿನ ಕಾಲುವೆ ಹಾದುಹೋಗಿತ್ತು.

ಯಂಕೋಬ ಪರದೆಯ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದ. "ಹತ್ತು ಐವತ್ತೈದಕ್ಕ ಮುಂದಿನ ಓದು. ಅದೂ ಕೆಂಪು ಬಂದ್ರ ಹಸ್ತಾಂತರ. ಆ ಹೊತ್ತಿಗೆ ಲ್ಯಾಡಲ್ ಎಲ್ಲಿರ್ತೈತಂದ್ರ..." ಬೆರಳು ಕಾಲುವೆಯ ಮೇಲಿತ್ತು.

ತೊಂಬತ್ತು ಸೆಕೆಂಡು, ನೀರಿನ ಮೇಲೆ.

"ಮೇಡಂ, ತಡೀಬೌದೇನು ಅದನ್ನ?" ಎಂದರು ಕುಷ್ಟಗಿ.

ತಡೆಯಬಹುದಾದವಳು ಆ ಕಾರ್ಖಾನೆಯಲ್ಲಿ ಒಬ್ಬಳೇ. ರೋಹಿಣಿ ತನ್ನ ಪರದೆ ತೆರೆದು ಬೆರಳಚ್ಚು ಕೊಟ್ಟಳು. ಎರಡು ಸಾಲು ಮೂಡಿದವು. ಒಂದು: ವ್ಯಕ್ತಿ ಅನರ್ಹ, ಹಸ್ತಾಂತರಿಸಿ. ಇನ್ನೊಂದು: ಸಾಧನ ದೋಷಪೂರ್ಣ, ಸ್ಥಗಿತಗೊಳಿಸಿ. ಎರಡನೆಯದನ್ನು ಒತ್ತಿದರೆ ಕಾರ್ಖಾನೆಯ ಎಲ್ಲ ಪಟ್ಟಿಗಳೂ ಒಟ್ಟಿಗೆ ಆರುತ್ತವೆ. ದೋಷವಿದೆ ಎಂದು ಸಹಿ ಹಾಕಿದ ವೈದ್ಯೆಯ ಪರವಾನಗಿ ವಿಚಾರಣೆಗೆ ಹೋಗುತ್ತದೆ. ಮೂರನೆಯ ಸಾಲು ಇರಲಿಲ್ಲ. ಸಾಧನ ಸರಿಯಾಗಿಯೇ ಇದೆ, ಅದನ್ನು ಓದಿದವಳದು ತಪ್ಪು ಎಂದು ಒತ್ತಲು ಜಾಗವಿರಲಿಲ್ಲ.

"ಆದ್ರ ಮೇಡಂ," ಕುಷ್ಟಗಿಯವರ ದನಿ ಈಗ ಬೇರೆಯಾಗಿತ್ತು, "ಕೆಂಪಿನ್ಯಾಗಿರೋ ಮನಷ್ಯಾಳ ಕೈಯಾಗ ಹೆಂಗ ಬಿಡ್ಲಿ? ಕೆಳಗ ನಲವತ್ತು ಮಂದಿ ಅದಾರ. ಆಕಿ ಕೈ ನಡುಗಿತಂದ್ರ?"

"ಆಕಿ ಬಾಯಾರಿ ಕುಂತಾಳ ಸರ್. ಹೆದರಿ ಅಲ್ಲ."

"ಖಾತ್ರಿ ಐತೇನು?"

ಖಾತ್ರಿ ಇರಲಿಲ್ಲ. ಆಕೆ ಪರೀಕ್ಷಿಸಿದ್ದು ಒಂದೇ ದೇಹವನ್ನು. ಅದೂ ತನ್ನದು, ಸತ್ತಂತೆ ಇದ್ದದ್ದು. ಹುಲಿಗೆಮ್ಮ ಬಾಯಾರಿಯೂ ಇರಬಹುದು, ಹೆದರಿಯೂ ಇರಬಹುದು. ಮನುಷ್ಯರಾದವರು ಹೆದರದೆ ಇರುತ್ತಾರೆಯೇ? ಕೆಂಪು ಕಲೆ ಈಗ ಊಟದ ಗಂಗಾಳದಷ್ಟಾಗಿತ್ತು.

ರೋಹಿಣಿ ಗೆರೆಯನ್ನು ನೋಡುವುದು ಬಿಟ್ಟು ಪಕ್ಕದ ಪರದೆಯನ್ನು ನೋಡಿದಳು. ಅಲ್ಲಿ ಕ್ರೇನಿನ ಸನ್ನೆಕೋಲನ್ನು ಹಿಡಿದ ಕೈಯ ಚಲನೆ ದಾಖಲಾಗುತ್ತಿತ್ತು. ಎರಡು ವರ್ಷದಲ್ಲಿ ಅದನ್ನು ಯಾರೂ ಒತ್ತಡದ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರಂಗೋಲಿಯ ಎಳೆ ಬಿಟ್ಟ ಹಾಗೆ ಒಂದೇ ಸಮನಾಗಿ ಅದು ಹೋಗುತ್ತಿತ್ತು. ಲ್ಯಾಡಲ್ಲಿನ ತೂಗಾಟ ಅಂಗೈ ಅಗಲದಷ್ಟೂ ಇರಲಿಲ್ಲ.

ಹತ್ತು ಐವತ್ನಾಲ್ಕು, ನಲವತ್ತು ಸೆಕೆಂಡು.

ಆಕೆ ಎರಡನೆಯ ಸಾಲನ್ನು ಒತ್ತಿದಳು.

ಪರದೆಯ ಮೇಲಿನ ಎಲ್ಲ ಗೆರೆಗಳೂ ಒಮ್ಮೆಲೇ ಮಾಯವಾದವು; ಆಕೆಯದೂ ಸೇರಿ. ಇನ್ನು ಹುಲಿಗೆಮ್ಮನ ರಕ್ತದಲ್ಲಿ ಏನು ನಡೆದಿದೆಯೆಂದು ತಿಳಿಯುವ ಉಪಾಯ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ. ಮೂವರೂ ಗಾಜಿನ ಹತ್ತಿರ ಹೋಗಿ ಮೇಲೆ ನೋಡಿದರು.

ಕ್ರೇನು ಓಡಲಿಲ್ಲ. ಓಡಿದರೆ ಲ್ಯಾಡಲ್ ತೂಗುತ್ತದೆ. ತೂಗಿದರೆ ಉಕ್ಕು ತುಳುಕುತ್ತದೆ. ಬಸುರಿಯನ್ನು ಹೊಳೆ ದಾಟಿಸುವವರ ಹಾಗೆ ಅದು ನಡೆಯಿತು. ಕಾಲುವೆಯ ಈಚಿನ ದಂಡೆ. ಕಾಲುವೆ. ಕಲೆಯ ನಟ್ಟನಡುವೆ ಬಿಳಿಯ ಚುಕ್ಕೆಯೊಂದು ಕಾಣಿಸಿತು.

"ಬಿಳೇದಾತು," ಎಂದ ಯಂಕೋಬ ಪಿಸುಮಾತಿನಲ್ಲಿ. "ಹುಲಿಗವ್ವಾ. ನಮ್ಮವ್ವಾ. ದಾಟಿಸು."

ಆಚೆಯ ದಂಡೆ. ಲ್ಯಾಡಲ್ ಮರಳಿನ ಮೇಲೆ ಬಂತು, ನಿಂತಿತು, ಇಳಿಯಿತು. ತಳ ಮರಳಿಗೆ ಇನ್ನೂ ಒಂದಾಳುದ್ದ ಮೇಲಿರುವಾಗಲೇ ಕವಚ ಬಿರಿಯಿತು. ಬಿಳಿಯ ಉಕ್ಕು ನಲ್ಲಿ ಬಿಟ್ಟ ಹಾಗೆ ಸುರಿದು ಒಣ ಮರಳಿನ ಮೇಲೆ ಹರಡಿಕೊಂಡಿತು. ಗಾಜಿನ ಈಚೆಗೂ ಮುಖ ಸುಟ್ಟಂತಾಯಿತು. ಸೈರನ್ನು ಕೂಗುತ್ತಲೇ ಇತ್ತು. ಯಾರಿಗೂ ಏನೂ ಆಗಿರಲಿಲ್ಲ.

*

ಲ್ಯಾಡಲ್ಲನ್ನು ಕಳಚಿ, ಕ್ರೇನನ್ನು ಶಾಖದಿಂದ ದೂರ ಒಯ್ದು ನಿಲ್ಲಿಸಿ, ನೂರಾ ಹನ್ನೆರಡು ಮೆಟ್ಟಿಲಿಳಿದು ಹುಲಿಗೆಮ್ಮ ಕಂಟ್ರೋಲ್ ರೂಮಿಗೆ ಬಂದಾಗ ಹನ್ನೊಂದೂ ಕಾಲು. ಮುಖಕ್ಕೆ ಮಸಿ ಮೆತ್ತಿತ್ತು. ಒಳಗೆ ಬಂದವಳು ಮೊದಲು ಪರದೆಯ ಕಡೆ ನೋಡಿದಳು.

"ಮೂರಾದ್ವೇನ್ರಿ ಮೇಡಂ?"

"ಇಲ್ಲ," ಎಂದಳು ರೋಹಿಣಿ. "ಆಗಲಿಲ್ಲ. ಇನ್ನು ಆಗೂದೂ ಇಲ್ಲ. ಪಟ್ಟಿ ತಗೀರಿ."

ಹುಲಿಗೆಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಕಿವಿಯ ಹಿಂದೆ ಉಗುರು ಹಾಕಿ ಪಟ್ಟಿಯನ್ನು ಕಿತ್ತು ಮೇಜಿನ ಮೇಲಿಟ್ಟಳು. ಕುಷ್ಟಗಿ ತಾವೇ ಎದ್ದು ಫ್ರಿಜ್ಜಿನಿಂದ ತಣ್ಣನೆಯ ಬಾಟಲಿ ತೆಗೆದು, ಮುಚ್ಚಳ ತಿರುವಿ ಆಕೆಗೆ ಕೊಟ್ಟರು.

"ಕುಡಿಯವ್ವ. ಇವತ್ತ ನೀನು ನಮ್ಮನ್ನೆಲ್ಲಾ..."

ಆಕೆ 'ಅಷ್ಟ್ಯಾಕ್ರಿ' ಎಂದು ಬಾಟಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಕೆನ್ನೆಗೆ ಒತ್ತಿಕೊಂಡಳು, ಕಣ್ಣು ಮುಚ್ಚಿದಳು, ತೆರೆದಳು. ಗೋಡೆಯ ಗಡಿಯಾರ ನೋಡಿದಳು. ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಎರಡರ ಮಟ ಪಾಳಿ ಐತ್ರಿ ಸಾಹೇಬ್ರ. ಕುಲುಮ್ಯಾಗ ಇನ್ನೊಂದು ಲ್ಯಾಡಲ್ ತಯಾರಾಗೈತಂತ. ನಾನು ಹೋಗ್ತೀನಿ."

ಕುಷ್ಟಗಿ ಬಾಟಲಿ ನೋಡಿದರು. ಆಕೆಯ ಒಡೆದ ತುಟಿ ನೋಡಿದರು. ಅದರ ಬಿರುಕಿನಲ್ಲಿ ರಕ್ತ ಒಣಗಿತ್ತು. ಹೇಳಿದ್ದನ್ನು ನಂಬದಿದ್ದವರು ಕಂಡದ್ದನ್ನು ನಂಬದೆ ಇರುವುದು ಹೇಗೆ?

"ಯಾವಾಗ ಕುಡದಿ ನೀರು?"

"ನಿನ್ನಿ ರಾತ್ರಿ ಉಂಡಾಗರಿ."

ಅವರು ಫೋನೆತ್ತಿದರು. ಆಚೆ ಎರಕದ ವಿಭಾಗದವರು ಆಗಲೇ ಕೂಗಾಡುತ್ತಿದ್ದರು. ಒಂದು ಲ್ಯಾಡಲ್ ಹೋಯಿತು, ಮುಂದಿನದು ಯಾವಾಗ? "ಮೂರನೇ ಕ್ರೇನು ನಿಲ್ತೈತಿ," ಎಂದರು ಕುಷ್ಟಗಿ. ಯಾಕೆ ಎಂಬ ಪ್ರಶ್ನೆ ರೂಮಿನಲ್ಲಿದ್ದವರಿಗೆಲ್ಲ ಕೇಳಿಸಿತು. ಕುಷ್ಟಗಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಕ್ರೇನು ನಿಲ್ಲಲು ಅವರು ನೂರು ಕಾರಣ ಹೇಳಿದ್ದರು: ಬ್ರೇಕು, ಮೋಟಾರು, ಕೇಬಲ್ಲು, ಮಳೆ. ಈ ಕಾರಣ ಬಾಯಿಗೆ ಬರಲು ಹೊತ್ತು ಹಿಡಿಯಿತು.

"ಆಪರೇಟರು ನೀರು ಕುಡಿಯಾಕತ್ತಾರ," ಎಂದರು.

ಹುಲಿಗೆಮ್ಮ ರೋಹಿಣಿಯ ಮುಖ ನೋಡಿದಳು. ರೋಹಿಣಿ ತಲೆಯಾಡಿಸಿದಳು. ಆಗ ಆಕೆ ಬಾಟಲಿ ಎತ್ತಿಕೊಂಡಳು. ಆದರೆ ಬಾಯಿಗೆ ಇಡುವ ಮುಂಚೆ, ಬಾಗಿಲ ಕಡೆಗೂ ಗಡಿಯಾರದ ಕಡೆಗೂ ನೋಡಿ, ವ್ಯವಹಾರದ ಮಾತನ್ನು ಮೊದಲೇ ಬಗೆಹರಿಸಿಕೊಂಡುಬಿಡುವವಳಂತೆ ಹೇಳಿದಳು.

"ಕುಡದ ಮ್ಯಾಲೆ ಮತ್ತ ಅರ್ಧ ತಾಸು ಬೇಕಾಕ್ಕೈತ್ರಿ ಸಾಹೇಬ್ರ. ಕ್ಯಾಂಟೀನಿನ ಮಟ ಹೋಗಿಬರಬೇಕು. ಅದನ್ನೂ ಈಗ ಹೇಳಿಬಿಡ್ರಿ."

ಕುಷ್ಟಗಿ ಫೋನು ಇಟ್ಟಿರಲಿಲ್ಲ. ಅದನ್ನೂ ಹೇಳಿದರು.